ಶೆನ್ ಅಜ್ಜಿಯ ಹತ್ತು ನಿಮಿಷ

ಜಪಾನಿನ ಫುನಾಬೊರಿಯಲ್ಲಿ ಕಾಲುವೆ ಪಕ್ಕದ ಹಳೆಯ ದಾಂಚಿಯಲ್ಲಿ ನಮ್ಮ ಕನ್ನಡದವರ ಮನೆಗಳು ಸಾಕಷ್ಟಿವೆ. ದಾಂಚಿ ಎಂದರೆ ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಕಟ್ಟಿದ ಬಾಡಿಗೆ ಮನೆಗಳ ಸಾಲು. ಅಲ್ಲಿ ನಾವು ಭೂಕಂಪಕ್ಕೆ ಹೆದರುತ್ತಿದ್ದೆವು, ವೀಸಾ ಆಫೀಸಿಗೆ ಹೆದರುತ್ತಿದ್ದೆವು, ಇವೆರಡಕ್ಕಿಂತ ಹೆಚ್ಚಾಗಿ ನೆಲಮಹಡಿಯ ಶೆನ್ ಅಜ್ಜಿಗೆ ಹೆದರುತ್ತಿದ್ದೆವು. ಭೂಕಂಪ ಯಾವಾಗಲೋ ಬರುತ್ತದೆ. ಅಜ್ಜಿ ಮಂಗಳವಾರ ಮತ್ತು ಶುಕ್ರವಾರ ಬರುತ್ತಿದ್ದಳು.

ಅವು ಕಸದ ದಿನಗಳು. ಸುಡುವ ಕಸದ ಚೀಲದೊಳಗೆ ಯಾರಾದರೂ ಪ್ಲಾಸ್ಟಿಕ್ ಡಬ್ಬಿ ತುರುಕಿದ್ದರೆ ಕಸದ ಗಾಡಿಯವರು ಒಂದು ಚೀಟಿ ಅಂಟಿಸಿ ಚೀಲವನ್ನು ಅಲ್ಲೇ ಬಿಟ್ಟುಹೋಗುತ್ತಾರೆ. ಅಜ್ಜಿ ಆ ಚೀಲವನ್ನು ಎತ್ತಿಕೊಂಡು ಅದರ ಒಡೆಯನ ಬಾಗಿಲಿಗೇ ಬರುತ್ತಿದ್ದಳು. ಚೀಲದ ಮೇಲೆ ಹೆಸರಿರುವುದಿಲ್ಲ. ಆದರೂ ಅವಳಿಗೆ ತಿಳಿಯುತ್ತಿತ್ತು. ಕರಿಬೇವಿನ ಕಡ್ಡಿ ಕಂಡರೆ ಮೂರನೆಯ ಮಹಡಿ. ಸಾಸಿವೆ ಎಣ್ಣೆಯ ವಾಸನೆ ಬಂದರೆ ಐದನೆಯ ಮಹಡಿಯ ಬಂಗಾಳಿಗಳು. ಒಂದು ಮಾತೂ ಆಡದೆ ಚೀಲವನ್ನು ಹೊಸಿಲ ಬಳಿ ಇಟ್ಟು, ನಮ್ಮನ್ನು ಒಮ್ಮೆ ನೋಡಿ ಹೋಗುತ್ತಿದ್ದಳು. ಬೆಂಗಳೂರಿನಲ್ಲಿ ನೂರು ಜನರ ತಂಡವನ್ನು ನಡುಗಿಸಿದ ಮ್ಯಾನೇಜರುಗಳು ಬನಿಯನ್ನಿನಲ್ಲಿ ನಿಂತು ಬಗ್ಗಿ ಬಗ್ಗಿ “ಸುಮಿಮಾಸೆನ್”, ಕ್ಷಮಿಸಿ, ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವಳಿಗೆ ಹೆದರದಿದ್ದವರು ಸುಭದ್ರಮ್ಮ ಒಬ್ಬರೇ. ಮೈಸೂರಿನವರು. ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ಜಯಪ್ರಕಾಶರ ಹೆಂಡತಿ. ಮಧ್ಯಾಹ್ನದ ಊಟದ ಡಬ್ಬಿ ತುಂಬುವ ಒಂದು ಅಡುಗೆಮನೆಯಲ್ಲಿ ಅವರು ವಾರಕ್ಕೆ ನಾಲ್ಕು ದಿನ ಕೆಲಸ ಮಾಡುತ್ತಾರೆ. ಅಧ್ಯಕ್ಷರು ಈ ಕೆಲಸವನ್ನು ಸಭೆಗಳಲ್ಲಿ “ನಮ್ಮ ಮನೆಯವರು ಫುಡ್ ಇಂಡಸ್ಟ್ರಿಯಲ್ಲಿದ್ದಾರೆ” ಎಂದು ಬಣ್ಣಿಸುತ್ತಾರೆ. ಆ ಅಡುಗೆಮನೆಯ ಸಾಲಿನಲ್ಲಿ ಸುಭದ್ರಮ್ಮ ಅನ್ನ ಹಾಕಿದರೆ, ಪಕ್ಕದಲ್ಲಿ ನಿಂತು ಉಪ್ಪಿನಕಾಯಿ ಇಡುವವಳು ಹುವಾ. ಶೆನ್ ಅಜ್ಜಿಯ ಒಬ್ಬಳೇ ಮಗಳು. ಅರವತ್ತು ದಾಟಿದ ಹುವಾ ಜಪಾನಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ತಾಯಿಯನ್ನು ಕರೆಸಿಕೊಂಡಿದ್ದು ಆಮೇಲೆ. ಕೆಲಸ ಮುಗಿದ ಮೇಲೆ ಸುಭದ್ರಮ್ಮ ಅವರ ಮನೆಯಲ್ಲಿ ಕೂತು ಒಂದು ಲೋಟ ಬಿಸಿನೀರು ಕುಡಿದು ಬರುತ್ತಿದ್ದರು. ಅಜ್ಜಿ ಚೀನೀ ಭಾಷೆಯಲ್ಲಿ ಹೇಳುವಳು, ಹುವಾ ಅದನ್ನು ಜಪಾನೀ ಭಾಷೆಗೆ ತರುವಳು, ಸುಭದ್ರಮ್ಮ ಕೇಳುವರು. ಹಾಗೆ ಕೇಳಿದ್ದೇ ಈ ಕಥೆ.

ಅಜ್ಜಿ ಹುಟ್ಟಿದ್ದು ಹುನಾನ್ ಪ್ರಾಂತದ ಒಂದು ಗುಡ್ಡದೂರಿನಲ್ಲಿ, ಮರಕ್ಕೆ ಬಳಿಯುವ ಎಣ್ಣೆ ಮಾರುವವನ ಮಗಳಾಗಿ. ಹದಿನಾರಕ್ಕೆ ಕ್ರಾಂತಿಗೆ ಸೇರಿದಳು. ಕ್ರಾಂತಿ ಎಂದರೆ ಕೆಂಪು ಬಾವುಟ, ಕುದುರೆ, ಕತ್ತಿ ಎಂದು ನೀವು ತಿಳಿದರೆ ಅದು ನಿಮ್ಮ ತಪ್ಪು. ಅವಳ ಕ್ರಾಂತಿ ಬಟ್ಟೆಯ ಚಪ್ಪಲಿಯದು. ಗುಡ್ಡದಲ್ಲಿ ಅಡಗಿದ್ದ ದಳದವರಿಗೆ ಬಂದೂಕಿಗಿಂತ ಮೊದಲು ಬೇಕಾದದ್ದು ಕಾಲಿಗೆ ಹಾಕುವುದು. ಹಳೆಯ ಬಟ್ಟೆಗೆ ಗಂಜಿ ಬಳಿದು, ಪದರದ ಮೇಲೆ ಪದರ ಅಂಟಿಸಿ, ಸೆಣಬಿನ ದಾರದಲ್ಲಿ ಹೊಲಿದ ಅಟ್ಟೆಯ ಚಪ್ಪಲಿ. ಊರಿನ ಐವರು ಹುಡುಗಿಯರು ಗುಟ್ಟಾಗಿ ಹೊಲಿಯುತ್ತಿದ್ದರು. ಶೆನ್ ಅದನ್ನು ಸೌದೆ ಹೊರೆಯೊಳಗೆ ಬಚ್ಚಿಟ್ಟು ಗುಡ್ಡಕ್ಕೆ ಹೊರುತ್ತಿದ್ದಳು. ದಳದಲ್ಲಿ ಆ ಐವರ ನಿಜವಾದ ಹೆಸರು ಗೊತ್ತಿದ್ದದ್ದು ಅವಳೊಬ್ಬಳಿಗೇ. ಸುದ್ದಿ ಒಯ್ಯುವವರಿಗೆ ಒಂದು ಕಟ್ಟುನಿಟ್ಟಾದ ನಿಯಮವಿತ್ತು: ಹೆಸರನ್ನು ಎಂದೂ ಕಾಗದದ ಮೇಲೆ ಬರೆಯಬಾರದು. ಬಾಯಿಯಲ್ಲಿಟ್ಟುಕೊಳ್ಳಬೇಕು.

ಆ ಚಳಿಗಾಲ ಸರ್ಕಾರದ ಸೈನಿಕರು ಊರಿಗೆ ಬಂದರು. ಐವರನ್ನೂ ಹೊಳೆಯ ದಂಡೆಗೆ ಎಳೆತಂದು, ಚಪ್ಪಲಿ ಹೊತ್ತೊಯ್ಯುವವಳ ಹೆಸರು ಕೇಳಿದರು. ಶೆನ್ ಆಚೆ ದಂಡೆಯ ಜೊಂಡಿನಲ್ಲಿ ಹೊರೆಯ ಕೆಳಗೆ ಮಲಗಿದ್ದಳು. ಐವರೂ ಹೇಳಲಿಲ್ಲ. ಒಬ್ಬೊಬ್ಬರನ್ನಾಗಿ ಕೇಳಿದರು, ಒಬ್ಬೊಬ್ಬರನ್ನಾಗಿ ಗುಂಡಿಕ್ಕಿ ಕೊಂದರು.

“ಅವರು ನನ್ನ ಹೆಸರು ಹೇಳಲಿಲ್ಲ. ನಾನು ಅವರ ಹೆಸರು ಹೇಳಬೇಕು,” ಎನ್ನುತ್ತಿದ್ದಳು ಅಜ್ಜಿ. ಎನ್ನುತ್ತಿದ್ದಳು, ಅಷ್ಟೇ. ಹೇಳಿರಲಿಲ್ಲ. ಎಪ್ಪತ್ತೈದು ವರ್ಷದಲ್ಲಿ ಸಂದರ್ಭ ಕೂಡಿಬಂದಿರಲಿಲ್ಲ.

ಕ್ರಾಂತಿ ಗೆದ್ದ ಮೇಲೆ ಅವಳು ಊರಲ್ಲೊಂದು ಕಲ್ಲು ನೆಡಿಸಲು ಕೇಳಿದಳು. ಐವರಲ್ಲಿ ಒಬ್ಬಳ ಅಪ್ಪ ಜಮೀನುದಾರನಂತೆ, ವಿಚಾರಣೆ ಮುಗಿಯಲಿ, ಹೆಸರು ಆಮೇಲೆ, ಎಂದರು. ಅಷ್ಟರಲ್ಲಿ ಮದುವೆ ಬಂತು. ನಮ್ಮಲ್ಲಿ ಜಾತಕ ಕೂಡಿಸುವುದು ಪುರೋಹಿತರು. ಅಲ್ಲಿ ಆ ಕೆಲಸ ಪಕ್ಷದ ಕಾರ್ಯದರ್ಶಿಯದು. “ಕಾಮ್ರೇಡ್ ಶೆನ್, ಸಂಘಟನೆ ನಿನಗೆ ಒಬ್ಬರನ್ನು ಪರಿಚಯ ಮಾಡಿಸುತ್ತದೆ,” ಎಂದ ಆತ. ಗಂಡು ರೆಜಿಮೆಂಟಿನ ಕಮಾಂಡರ್, ಅವಳಿಗಿಂತ ಹದಿನೈದು ವರ್ಷ ದೊಡ್ಡವನು, ಎಡಗಿವಿಯ ತುದಿ ಯುದ್ಧಕ್ಕೆ ಹೋಗಿತ್ತು. ಉಪ್ಪಿಟ್ಟು ಕೇಸರಿಭಾತಿನ ಬದಲು ಒಂದು ಬೊಗಸೆ ಹುರಿದ ಸೂರ್ಯಕಾಂತಿ ಬೀಜ. “ಆಕ್ಷೇಪಣೆ ಇದೆಯೆ?” ಎಂದು ಕೇಳಿದರು. ಅವಳಿಗೆ ಆಕ್ಷೇಪಣೆ ಇರಲಿಲ್ಲ. ಅಭಿಪ್ರಾಯವೂ ಇರಲಿಲ್ಲ. ವಯಸ್ಸು ಹತ್ತೊಂಬತ್ತು.

ಒಳ್ಳೆಯ ಮನುಷ್ಯನಂತೆ, ಗೊರಕೆ ಮಾತ್ರ ಫಿರಂಗಿಯಂತೆ. ಕಾಲಕ್ರಮದಲ್ಲಿ ಅವನು ಜನರಲ್ ಆದ, ಅವಳು ಜನರಲ್ಲನ ಹೆಂಡತಿ ಆದಳು. ಇಬ್ಬರಿಗೂ ಒಟ್ಟಿಗೇ ಬಡ್ತಿ ಸಿಕ್ಕಿತು ಎಂದು ಎಲ್ಲರೂ ಸಂತೋಷಪಟ್ಟರು. ಮಹಿಳಾ ಸಂಘಟನೆಯ ಕೆಲಸದಿಂದ ಅವಳನ್ನು ತೆಗೆದು ದಂಡಿನ ಶಿಶುವಿಹಾರಕ್ಕೆ ಹಾಕಿದರು. ಕಲ್ಲಿನ ಮಾತು ಎತ್ತಿದಾಗ ಗಂಡ, “ಈಗ ಬೇಡ, ಸಮಯ ಸರಿಯಿಲ್ಲ,” ಎಂದ. ಸಮಯ ಇನ್ನೂ ಕೆಟ್ಟಿತು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಜನರಲ್ಲನ ಕೊರಳಿಗೆ ‘ದ್ರೋಹಿ’ ಎಂದು ಬರೆದ ಹಲಗೆ ಕಟ್ಟಿ ಮೆರವಣಿಗೆ ಮಾಡಿಸಿದರು. ಗಂಡ ದ್ರೋಹಿ ಎಂದು ಒಪ್ಪಿಕೊಳ್ಳಲು ಅವಳಿಗೆ ಹೇಳಿದರು. ಒಪ್ಪಲಿಲ್ಲ. ಚಪ್ಪಲಿ ಗುಂಪಿನಲ್ಲಿ ಯಾರ್‍ಯಾರಿದ್ದರು ಎಂದೂ ಕೇಳಿದರು. ಹೇಳಿದ್ದರೆ ಆ ಮನೆಯವರಿಗೂ ಹಲಗೆ ಬೀಳುತ್ತಿತ್ತು. “ಮರೆತುಹೋಗಿದೆ,” ಎಂದಳು. ಅವಳನ್ನು ಹಂದಿ ಸಾಕಲು ಅಟ್ಟಿದರು. ಗಂಡ ಸೆರೆಯಲ್ಲೇ ಸತ್ತ. ಹಂದಿಗಳ ನಡುವೆ ಹೇಗಿದ್ದಿರಿ ಎಂದು ಸುಭದ್ರಮ್ಮ ಕೇಳಿದ್ದಕ್ಕೆ ಅಜ್ಜಿ, “ಹಂದಿ ಘೋಷಣೆ ಕೂಗುವುದಿಲ್ಲ. ನೆಮ್ಮದಿ ಇತ್ತು,” ಎಂದಿದ್ದಳು.

ಹತ್ತಾರು ವರ್ಷದ ಮೇಲೆ ಸರ್ಕಾರ ಮನಸ್ಸು ಬದಲಿಸಿ, ಜನರಲ್ ದ್ರೋಹಿಯಲ್ಲ ವೀರ ಎಂದು ದೊಡ್ಡ ಸಭೆ ಮಾಡಿತು. ವಿಧವೆಗೂ ಮಾತಿಗೆ ಅವಕಾಶ ಎಂದಿದ್ದರು. ಅವಳು ಐದು ಹೆಸರನ್ನು ಬಾಯಲ್ಲಿಟ್ಟುಕೊಂಡು ಹೋದಳು. ಮೊದಲು ಮಾತಾಡಿದ ದೊಡ್ಡವರು ಎಷ್ಟು ಹೊತ್ತು ಮಾತಾಡಿದರೆಂದರೆ, ಅವಳ ಸರದಿಗೆ ಮೊದಲೇ ಜನರನ್ನು ಒಯ್ಯುವ ಬಸ್ಸು ಹೊರಟೇಬಿಟ್ಟಿತು. ಭಾಷಣ ಮಾಡುವವರಿಗೆ ದೇಶಭೇದವಿಲ್ಲ.

ಕಳೆದ ಚಳಿಗಾಲ ಒಂದು ಸಂಜೆ ಅಜ್ಜಿ ಬೆರಳು ಮಡಚಿ ಏನೋ ಎಣಿಸುತ್ತ ನಾಲ್ಕನೆಯದಕ್ಕೆ ತಡವರಿಸಿದಳು. ಸ್ವಲ್ಪ ಹೊತ್ತಿಗೆ ನೆನಪು ಬಂತು. ಆಮೇಲೆ ಮಗಳಿಗೆ, “ಹೇಳಿಬಿಡಬೇಕು. ಜನರ ಮುಂದೆ, ನಿಂತು, ಗಟ್ಟಿಯಾಗಿ. ಒಮ್ಮೆ ಸಾಕು,” ಎಂದಳು. ಹುವಾ, “ನನಗೆ ಹೇಳಮ್ಮಾ, ಬರೆದಿಟ್ಟುಕೊಳ್ಳುತ್ತೇನೆ,” ಎಂದದ್ದಕ್ಕೆ ಅಜ್ಜಿ ಅವಳನ್ನು ಕಸದ ಚೀಲ ಕಂಡಂತೆ ನೋಡಿದಳು.

ಆ ವಾರವೇ ನಮ್ಮ ಅಧ್ಯಕ್ಷರಿಗೆ ವಿಷಯ ತಿಳಿಯಿತು. ಅಂದರೆ, ಅವರಿಗೆ ತಿಳಿಯಬೇಕಾದಷ್ಟು.

“ಏನೇ, ಆ ಕಸದ ಅಜ್ಜಿ ಗಂಡ ಜನರಲ್ಲಾ?” ಸುಭದ್ರಮ್ಮ ಹುಳಿಗೆ ಒಗ್ಗರಣೆ ಹಾಕುತ್ತ ಹೇಳಿದ್ದು ಕೇಳಿ ಜಯಪ್ರಕಾಶರು ಲ್ಯಾಪ್‌ಟಾಪ್ ಮುಚ್ಚಿದರಂತೆ. “ಫುಲ್ ಜನರಲ್ಲಾ, ಮೇಜರ್ ಜನರಲ್ಲಾ?”

“ಅದು ಬಿಡ್ರೀ. ಅಜ್ಜಿ ಕಥೆ ಕೇಳಿ ಮೊದಲು.”

“ಕೇಳ್ತೀನಿ ಕೇಳ್ತೀನಿ. ಯೂನಿಫಾರಂ ಫೋಟೋ ಇದ್ಯಾ?”

ಮಾರ್ಚಿನಲ್ಲಿ ಬಳಗದ ಮಹಿಳಾ ದಿನಾಚರಣೆ. ಪ್ರತಿವರ್ಷ ಅಂದು ಮಹಿಳೆಯರು ಅಡುಗೆ ಮಾಡಿ ತರುತ್ತಾರೆ, ಗಂಡಸರು ಮಹಿಳೆಯರ ಬಗ್ಗೆ ಮಾತಾಡುತ್ತಾರೆ. ಈ ಸಲ ಸನ್ಮಾನಕ್ಕೆ ಅಂತರರಾಷ್ಟ್ರೀಯ ವ್ಯಕ್ತಿ ಸಿಕ್ಕಿದ್ದಕ್ಕೆ ಅಧ್ಯಕ್ಷರ ಎದೆ ಉಬ್ಬಿತು. ಸುಭದ್ರಮ್ಮ ಒಂದೇ ಪಟ್ಟು ಹಿಡಿದರು: “ಅಜ್ಜಿಗೆ ಮಾತಾಡೋಕೆ ಹತ್ತು ನಿಮಿಷ ಬೇಕೇ ಬೇಕು. ಅದಿಲ್ಲ ಅಂದ್ರೆ ಕರ್ಕೊಂಡ್ ಬರಲ್ಲ.”

“ಹತ್ತು ಯಾಕೆ? ಹದಿನೈದು ತಗೊಳ್ಳಲಿ! ಯಾರು ಬೇಡ ಅಂದ್ರು?”

ಅಜ್ಜಿ ಒಪ್ಪಿದಳು. ಚೀನಾದವರ ಸಂಘ ಇಲ್ಲೂ ಇದೆಯಲ್ಲ, ಅಲ್ಲೇಕೆ ಹೇಳಬಾರದು ಎಂದು ಸುಭದ್ರಮ್ಮ ಕೇಳಿದ್ದರಂತೆ. ಅಜ್ಜಿ ಯೋಚಿಸಿ, “ನಿಮ್ಮವರಲ್ಲಿ ಹೇಳಿದರೆ ಯಾರ ಮನೆಗೂ ತೊಂದರೆ ಆಗುವುದಿಲ್ಲ. ಸಾಕ್ಷಿ ಮಾತ್ರ ಆಗುತ್ತಾರೆ,” ಎಂದಳಂತೆ. ಎಪ್ಪತ್ತೈದು ವರ್ಷ ಕಾದು, ಲೋಕದಲ್ಲೇ ಅಪಾಯವಿಲ್ಲದ ಜನ ಯಾರೆಂದು ಹುಡುಕಿ, ಅವಳು ನಮ್ಮನ್ನು ಆರಿಸಿದ್ದಳು.

ಆಹ್ವಾನ ಪತ್ರಿಕೆ ವಾಟ್ಸಾಪಿನಲ್ಲಿ ಬಂತು. ಮೇಲೆ ಅಧ್ಯಕ್ಷರ ಭಾವಚಿತ್ರ. ಕೆಳಗೆ ಸಮವಸ್ತ್ರದ ಜನರಲ್. ಅದರ ಕೆಳಗೆ, “ಚೀನಾದ ಮಹಾನ್ ಸೇನಾನಿಯ ಧರ್ಮಪತ್ನಿಗೆ ಗೌರವ ಸನ್ಮಾನ.” ಅಜ್ಜಿಯ ಹೆಸರಿಗೆ ಜಾಗ ಸಾಲಲಿಲ್ಲ.

“ಹೆಸರೇ ಇಲ್ವಲ್ರೀ!” ಎಂದರು ಸುಭದ್ರಮ್ಮ.

“ಸ್ಟೇಜ್ ಮೇಲೆ ಹೇಳ್ತೀನಲ್ಲ ಬಾಯ್ತುಂಬಾ. ಡಿಸೈನ್ ಹಾಳಾಗತ್ತೆ ಅಂದ್ರು.”

ಸಭೆ ನಡೆದದ್ದು ವಾರ್ಡಿನ ಸಮುದಾಯ ಭವನದ ಎರಡನೆಯ ಮಹಡಿಯಲ್ಲಿ. ಮಧ್ಯಾಹ್ನ ಒಂದರಿಂದ ಐದರವರೆಗೆ ನಮ್ಮದು. ಜಪಾನಿನಲ್ಲಿ ಐದರವರೆಗೆ ಎಂದರೆ ಐದಕ್ಕೆ ಭಾಷಣ ಮುಗಿಸುವುದಲ್ಲ. ನೆಲ ಗುಡಿಸಿ, ಕುರ್ಚಿಗಳನ್ನು ಗೋಡೆಯ ಮೇಲಿನ ಚಿತ್ರದಲ್ಲಿರುವ ಹಾಗೆಯೇ ಜೋಡಿಸಿ, ಕಸವನ್ನು ನಮ್ಮ ಜೊತೆಗೇ ಕಟ್ಟಿಕೊಂಡು, ಐದಕ್ಕೆ ಬೀಗದ ಕೈ ಒಪ್ಪಿಸುವುದು. ಹಿಂದಿನ ವರ್ಷ ಯುಗಾದಿಗೆ ಹನ್ನೆರಡು ನಿಮಿಷ ತಡವಾಗಿ, ಮೇಲ್ವಿಚಾರಕ ಕೊಂದೊ-ಸಾನ್ ಬಾಗಿಲಲ್ಲಿ ಬಗ್ಗಿ ನಿಂತು ನಮ್ಮ ಕ್ಷಮೆ ಕೇಳಿದ್ದರು. ತಪ್ಪು ನಮ್ಮದು, ಕ್ಷಮೆ ಅವರದು. ಅದಾದ ಮೇಲೆ ಆರು ತಿಂಗಳು ಆ ಹಾಲ್ ಬಳಗಕ್ಕೆ ಖಾಲಿ ಸಿಗಲೇ ಇಲ್ಲ.

ಒಂದಕ್ಕೆ ಶುರುವಾಗಬೇಕಾದ್ದು ನಮ್ಮ ಪದ್ಧತಿಯಂತೆ ಎರಡೂಕಾಲಿಗೆ ಶುರುವಾಯಿತು. ಅಜ್ಜಿ ಮಾತ್ರ ಹನ್ನೆರಡೂವರೆಗೇ ಬಂದು, ಬಾಗಿಲು ತೆರೆದ ಕೂಡಲೇ ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಇಸ್ತ್ರಿ ಮಾಡಿದ ನೀಲಿ ಕೋಟು. ಕೂದಲಿಗೆ ಎರಡು ಕಪ್ಪು ಪಿನ್ನು. ತುಟಿ ಅಲ್ಲಾಡುತ್ತಿತ್ತು.

ದೀಪ ಬೆಳಗಿಸಿದ್ದಾಯಿತು; ಬೆಂಕಿಗೆ ಅನುಮತಿ ಇಲ್ಲವಾದ್ದರಿಂದ ಬ್ಯಾಟರಿಯದು. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಮಕ್ಕಳ ನೃತ್ಯ. ಮಕ್ಕಳ ನೃತ್ಯ ಫೋನಿನಲ್ಲಿ ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ. ನಾಲ್ಕರ ಹೊತ್ತಿಗೆ ಅಧ್ಯಕ್ಷರು ಸನ್ಮಾನಿತರನ್ನು ಪರಿಚಯಿಸಲು ಎದ್ದರು.

ಅವರು ಕುರುಕ್ಷೇತ್ರದಿಂದ ಆರಂಭಿಸಿದರು. ಅಲ್ಲಿಂದ ಚಿತ್ರದುರ್ಗದ ಕೋಟೆ ಹತ್ತಿ, ಕಿತ್ತೂರಿನಲ್ಲಿ ಇಳಿದು, ಬೌದ್ಧ ಯಾತ್ರಿಕರ ಜೊತೆ ಚೀನಾ ತಲುಪುವಾಗ ನಾಲ್ಕೂ ಇಪ್ಪತ್ತು. ಜನರಲ್ಲನ ಶೌರ್ಯವನ್ನು ವರ್ಣಿಸಿದರು. ಅವನು ಕಾಣದ ಎರಡು ಯುದ್ಧಗಳನ್ನೂ ಅವನಿಂದ ಗೆಲ್ಲಿಸಿದರು. “ಪ್ರತಿಯೊಬ್ಬ ಯಶಸ್ವಿ ಪುರುಷನ ಹಿಂದೆ...” ಎನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಅವರ ಮಗಳು ಲಾಸ್ಯಾ ಗಡಿಯಾರ ತೋರಿಸಿ, “ಅಪ್ಪಾ, ನಗಾಯಿ!” ಎಂದಳು. ಉದ್ದವಾಯಿತು ಎಂದರ್ಥ. ಅದು ಮೆಚ್ಚುಗೆ ಎಂಬಂತೆ ಅವರು ಕೈ ಬೀಸಿದರು.

ನಂತರ ಸನ್ಮಾನ. ವೇದಿಕೆಯ ಮೇಲೆ ಜನರಲ್ಲನ ದೊಡ್ಡ ಫೋಟೋಗೆ ಗಂಧದ ಹಾರ ಹಾಕಿಟ್ಟಿದ್ದರು. ಪಕ್ಕದಲ್ಲಿ ಅಜ್ಜಿಯನ್ನು ಕೂರಿಸಿ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿದರು. ಅಜ್ಜಿಯ ತಲೆ ಸಣ್ಣದು. ಪೇಟ ಮೂಗಿನವರೆಗೆ ಇಳಿಯಿತು. ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು. ಸಮಿತಿಯವರು ಫೋಟೋಗೆ ನಿಂತರು, ಹಳೆಯ ಸಮಿತಿಯವರು ನಿಂತರು, ಅಡುಗೆ ತಂದವರು ನಿಂತರು. ಪೇಟದೊಳಗಿಂದ ಅಜ್ಜಿಯ ಗಲ್ಲ ಮಾತ್ರ ಕಾಣುತ್ತಿತ್ತು. ಅದು ಆಗಲೂ ಅಲ್ಲಾಡುತ್ತಿತ್ತು.

“ರೀ, ಮಾತು! ಅಜ್ಜಿ ಮಾತು!” ಸುಭದ್ರಮ್ಮ ವೇದಿಕೆಯ ಕೆಳಗಿನಿಂದ ಕೂಗಿದರು.

“ಹಾಂ, ಈಗ ಸನ್ಮಾನಿತರಿಂದ ಎರಡು ಮಾತು,” ಎಂದರು ಅಧ್ಯಕ್ಷರು. ಗಂಟೆ ನಾಲ್ಕೂ ನಲವತ್ತಾರು.

ಅಜ್ಜಿ ಪೇಟ ತೆಗೆದು ಕುರ್ಚಿಯ ಮೇಲಿಟ್ಟಳು. ಮೈಕಿನ ಹತ್ತಿರ ಬಂದಳು. ಹುವಾ ಒಂದು ಕಡೆ, ಸುಭದ್ರಮ್ಮ ಇನ್ನೊಂದು ಕಡೆ. ಅಜ್ಜಿ ಒಂದು ವಾಕ್ಯ ಹೇಳುವಳು, ಹುವಾ ಜಪಾನಿಯಲ್ಲಿ, ಸುಭದ್ರಮ್ಮ ಕನ್ನಡದಲ್ಲಿ.

“ನನ್ನ ಹೆಸರು ಶೆನ್ ಯೂಲಾನ್.”

ಚಪ್ಪಾಳೆ.

“ನಾನು ಚಪ್ಪಲಿ ಹೊರುತ್ತಿದ್ದೆ.”

ಯಾರೋ ನಕ್ಕರು. ಅಷ್ಟರಲ್ಲಿ ಗೋಡೆಯ ಸ್ಪೀಕರಿನಿಂದ, ಭವನ ಮುಚ್ಚುವ ಹೊತ್ತಾಯಿತೆಂದು ತಿಳಿಸುವ ಮೆತ್ತನೆಯ ಸಂಗೀತ ಬಂತು. ಬಾಗಿಲಲ್ಲಿ ಕೊಂದೊ-ಸಾನ್ ಕಾಣಿಸಿಕೊಂಡು ಬಗ್ಗಿದರು.

ಆ ಬಗ್ಗುವಿಕೆ ನಮ್ಮ ಬೆನ್ನುಹುರಿಗೆ ತಾಗಿತು. ಹಿಂದಿನ ಸಾಲಿನವರು ಎದ್ದರು. ಯಾರೂ ಅವಮರ್ಯಾದೆ ಮಾಡಲು ಎದ್ದದ್ದಲ್ಲ. ಯುಗಾದಿ ಹತ್ತಿರವಿತ್ತು, ಹಾಲ್ ಬೇಕಿತ್ತು. ಕಬ್ಬಿಣದ ಮಡಚುವ ಕುರ್ಚಿ ಒಂದು ಮಡಚಿದರೆ ‘ಠಣ್’ ಎನ್ನುತ್ತದೆ. ಎಂಬತ್ತು ಕುರ್ಚಿಗೆ ಏನೆನ್ನುತ್ತದೆ ಎಂದು ಕೇಳಿದವರಿಗೇ ಗೊತ್ತು. ಕಿಶೋರ್ ಎಂಬವರು ಪೊರಕೆ ಹಿಡಿದು ವೇದಿಕೆಯ ಬುಡಕ್ಕೇ ಬಂದರು. ನಾನೂ ಎರಡು ಕೈಯಲ್ಲಿ ಎರಡೆರಡು ಕುರ್ಚಿ ಹಿಡಿದಿದ್ದೆ.

“ನನ್ನ ಊರಿನಲ್ಲಿ ಐವರು ಹುಡುಗಿಯರಿದ್ದರು,” ಎಂದರು ಸುಭದ್ರಮ್ಮ, ಮೈಕಿನಲ್ಲಿ, ಗಟ್ಟಿಯಾಗಿ. “ದಯವಿಟ್ಟು ಕೂತ್ಕೊಳ್ರೀ! ಒಂದೇ ನಿಮಿಷ! ಅವರ ಹೆಸರು...”

ಅಜ್ಜಿ ಸುಭದ್ರಮ್ಮನ ತೋಳು ಹಿಡಿದಳು. ಸಭೆಯನ್ನು ಒಮ್ಮೆ ಎಡದಿಂದ ಬಲಕ್ಕೆ ನೋಡಿದಳು. ಜನ ಓಡಾಡತೊಡಗಿದಾಗ ಬಾಯಿ ಮುಚ್ಚಬೇಕು ಎಂಬುದು ಸುದ್ದಿ ಒಯ್ಯುವವಳು ಹದಿನಾರಕ್ಕೇ ಕಲಿತದ್ದು. ಮುಚ್ಚಿದಳು. ಆಮೇಲೆ ಮಗಳಿಗೆ ಮೆಲ್ಲಗೆ ಏನೋ ಹೇಳಿದಳು. ಹುವಾ ಅದನ್ನು ಸುಭದ್ರಮ್ಮನಿಗೆ ಹೇಳಿದಳು: “ಸರಿಯಾದ ನಿಯಮ ಅಂತಾರೆ. ಅವರ ದಳದಲ್ಲೂ ಹಾಗೇ ಇತ್ತಂತೆ. ಯಾರ ಮನೆಯಲ್ಲಿ ತಂಗಿದರೂ ಹೊರಡುವ ಮೊದಲು ಗುಡಿಸಿ, ಮಲಗಲೆಂದು ಕಳಚಿದ ಬಾಗಿಲ ಹಲಗೆಯನ್ನು ವಾಪಸ್ ಕೂರಿಸಿ ಹೋಗಬೇಕಂತೆ.”

ಅಜ್ಜಿ ವೇದಿಕೆ ಇಳಿದಳು. ತಾನು ಕೂತಿದ್ದ ಕುರ್ಚಿಯನ್ನು ತಾನೇ ಮಡಚಿ, ಗೋಡೆಯ ಚಿತ್ರ ನೋಡಿ, ಸರಿಯಾದ ಜಾಗದಲ್ಲಿ ನಿಲ್ಲಿಸಿದಳು. ನಾವು ತಪ್ಪಾಗಿ ಇಟ್ಟಿದ್ದ ಎರಡು ಕುರ್ಚಿಗಳನ್ನೂ ಸರಿಪಡಿಸಿದಳು. ಐದಕ್ಕೆ ಮೂರು ನಿಮಿಷ ಇರುವಾಗ ನಾವು ಬೀಗದ ಕೈ ಒಪ್ಪಿಸಿದೆವು. ಕೊಂದೊ-ಸಾನ್ ತುಂಬ ಸಂತೋಷಪಟ್ಟರು.

“ಕಾರ್ಯಕ್ರಮ ಗ್ರ್ಯಾಂಡ್ ಸಕ್ಸೆಸ್!” ಕೆಳಗೆ ಸೈಕಲ್ ನಿಲ್ಲಿಸುವ ಕಡೆ ಅಧ್ಯಕ್ಷರು ಎಲ್ಲರ ಕೈ ಕುಲುಕಿದರು.

“ಅಜ್ಜಿ ಮಾತಾಡಲೇ ಇಲ್ಲ,” ಎಂದರು ಸುಭದ್ರಮ್ಮ.

“ಮುಂದಿನ ವರ್ಷ ಮೊದಲನೇ ಭಾಷಣವೇ ಅಜ್ಜೀದು! ಪ್ರಾಮಿಸ್. ನಾನೇ ಅನೌನ್ಸ್ ಮಾಡ್ತೀನಿ.”

“ತೊಂಬತ್ಮೂರು ವರ್ಷ ಕಣ್ರೀ ಅವರಿಗೆ.”

“ಗಟ್ಟಿ ಮುಟ್ಟಾಗಿದ್ದಾರಲ್ಲೇ! ಕುರ್ಚಿ ಎತ್ತಿದ್ದು ನೋಡ್ಲಿಲ್ವಾ?”

ಅವರು ನಿಜವಾಗಿಯೂ ಹಾಗೆಂದೇ ನಂಬಿದ್ದರು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

ಚೆರ್ರಿ ಹೂ ಉದುರುವ ಹೊತ್ತಿಗೆ ಅಜ್ಜಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದಳು, ಆದರೆ ಅರ್ಧ ಮಾತ್ರ ಬಂದಳು. ಕಸದ ದಿನ ಯಾರೂ ಬಾಗಿಲು ತಟ್ಟಲಿಲ್ಲ. ನಮಗೆ ಹಾಯೆನಿಸಬೇಕಿತ್ತು. ನಾವು ಮೊದಲಿಗಿಂತ ಹೆಚ್ಚು ಎಚ್ಚರದಿಂದ ಕಸ ಬೇರ್ಪಡಿಸತೊಡಗಿದೆವು.

ಸುಭದ್ರಮ್ಮ ದಿನಾ ಗಂಜಿ ಒಯ್ಯುತ್ತಿದ್ದರು. ಒಂದು ದಿನ ಅಜ್ಜಿಯ ಮುಂದೆ ಮಂಡಿಯೂರಿ ಕೂತು, ಹುವಾಳ ಮೂಲಕ, “ನನಗೊಬ್ಬಳಿಗೆ ಹೇಳಿ. ಬರೆಯುವುದಿಲ್ಲ. ಬಾಯಲ್ಲಿಟ್ಟುಕೊಳ್ಳುತ್ತೇನೆ,” ಎಂದರು. ಅಜ್ಜಿ ಹೆಬ್ಬೆರಳು ಮಡಚಿ ಒಂದು ಹೆಸರು ಹೇಳಿದಳು. ತೋರುಬೆರಳಿಗೆ ಇನ್ನೊಂದು. ಒಂದೊಂದನ್ನೂ ಸುಭದ್ರಮ್ಮ ತಿರುಗಿ ಹೇಳಬೇಕು, ಸರಿಯಾಗುವವರೆಗೆ ಬಿಡಲಿಲ್ಲ. ನಾಲ್ಕಾಯಿತು. ಕಿರುಬೆರಳು ಎತ್ತಿಕೊಂಡೇ ಉಳಿಯಿತು.

ಅಜ್ಜಿ ಬಾಯಿ ತೆರೆದಳು. ಮುಚ್ಚಿದಳು. ಮೊದಲಿನಿಂದ ಶುರುಮಾಡಿದಳು. ನಾಲ್ಕು ಬಂದವು, ಐದನೆಯದು ಬರಲಿಲ್ಲ. ಹಿಂದೊಮ್ಮೆ ವಿಚಾರಣೆ ಮಾಡಿದವರ ಮುಂದೆ ಮರೆತೆನೆಂದು ಸುಳ್ಳು ಹೇಳಿ ಕಾಪಾಡಿದ ಹೆಸರದು. ಮಗಳನ್ನು ನೋಡಿದಳು. ಹುವಾಳಿಗೆ ಹೇಗೆ ಗೊತ್ತಿರಬೇಕು? ಈಗ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ.

ಆಗ ಅಜ್ಜಿಯ ಕಣ್ಣು ಸುಭದ್ರಮ್ಮನ ಮೇಲೆ ನಿಂತು, ಮುಖ ಅರಳಿತು. ಕಿರುಬೆರಳು ಮಡಚಿ, ತನ್ನ ನಾಲಗೆಗೆ ಒಗ್ಗಿದಂತೆ, “ಸುಬಾದೋಲಾ,” ಎಂದಳು.

“ಅಯ್ಯೋ, ಅಲ್ಲ ಅಜ್ಜೀ, ಅದು ನಾನು,” ಎಂದರು ಸುಭದ್ರಮ್ಮ ಕನ್ನಡದಲ್ಲೇ. “ನಾನು ಅಲ್ಲಿರಲಿಲ್ಲ. ನಾನು ಮೈಸೂರಿನವಳು. ಅವಳು ಯಾರೋ... ಹುವಾ-ಸಾನ್, ಹೇಳಿ ಇವರಿಗೆ!”

ಹುವಾ ಹೇಳಲಿಲ್ಲ. ಅಜ್ಜಿ ಮುಷ್ಟಿ ಮುಚ್ಚಿ ಮಡಿಲಲ್ಲಿಟ್ಟುಕೊಂಡಿದ್ದಳು. ಅಷ್ಟು ನಿರಾಳವಾಗಿ ಅವಳು ಕೂತದ್ದನ್ನು ಮಗಳು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. “ಹೌದು ಎಂದುಬಿಡಿ, ಸುಭದ್ರಾ-ಸಾನ್,” ಎಂದಳು. ಸುಭದ್ರಮ್ಮ ಹೌದೆಂದರು.

ಅಜ್ಜಿ ಇನ್ನೂ ಇದ್ದಾಳೆ. ಕಿಟಕಿಯ ಬಳಿ ಕೂತಿರುತ್ತಾಳೆ. ಪೇಟ ಮೂಗಿಗಿಳಿದ ಫೋಟೋ ಬಳಗದ ಗುಂಪಿನಲ್ಲಿ ‘ಜನರಲ್ ಧರ್ಮಪತ್ನಿ’ ಎಂಬ ಹೆಸರಿನಡಿ ಈಗಲೂ ಇದೆ.

ಆ ನಾಲ್ಕು ಹೆಸರು ಏನೆಂದು ನಾನು ಕೇಳಿದೆ. ಸುಭದ್ರಮ್ಮ ಹೇಳಲಿಲ್ಲ. “ನೀವು ಬರೀತೀರ,” ಎಂದರು.

ಬೆಳಗ್ಗೆ ಅಕ್ಕಿ ತೊಳೆಯುವಾಗ ಅವರು ಬೆರಳು ಮಡಚುತ್ತ ಏನೋ ಗುನುಗುತ್ತಾರಂತೆ. “ಏನೇ ಅದು, ಹೊಸ ಸ್ತೋತ್ರಾನಾ?” ಎಂದು ಅಧ್ಯಕ್ಷರು ಕಾಫಿ ಹೀರುತ್ತ ಕೇಳುತ್ತಾರಂತೆ. “ಹೂಂ ರೀ,” ಎನ್ನುತ್ತಾರಂತೆ ಸುಭದ್ರಮ್ಮ. ಕಿರುಬೆರಳಿಗೆ ಬಂದಾಗ ನಿಲ್ಲುತ್ತಾರೆ. ತಮ್ಮ ಹೆಸರು ಹೇಳಲು ಬಾಯಿ ಬರುವುದಿಲ್ಲ. ಬೇರೆ ಹೆಸರು ಗೊತ್ತಿಲ್ಲ. ಬೆರಳನ್ನು ಹಾಗೇ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ನೀರು ಬಗ್ಗಿಸುತ್ತಾರೆ.